ಸಂಗೀತದ ಪದವಿಗೆ ನಮ್ಮ ಮಕ್ಕಳು ಅರ್ಹರಲ್ಲವೇ?



ಪಗಾರ, ಬೋನಸು, ರಜೆ, ಖೋಲಿ—ನಮ್ಮ ಪತ್ರಿಕೆಯ ಪುಟಗಳು ಹೆಚ್ಚಾಗಿ ಈ ನಾಲ್ಕರಿಂದಲೇ ತುಂಬುತ್ತವೆ. ಅದು ತಕ್ಕುದೇ ಆಗಿದೆ. ಹೊಟ್ಟೆಯ ಪ್ರಶ್ನೆ ಎಲ್ಲಕ್ಕೂ ಮೊದಲು. ಆದರೆ ಈ ಸಲ ಹೊಟ್ಟೆಗಿಂತ ಒಂದೆರಡು ಗೇಣು ಮೇಲಿರುವ ಕೊರಳಿನ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ನಗುವವರು ಪೂರ್ತಿ ಓದಿದ ಮೇಲೆ ನಗಲಿ ಎಂದಷ್ಟೇ ನನ್ನ ಬಿನ್ನಹ.

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ವಾರ ಸಂಘದ ಕಚೇರಿಗೆ ಬರುವ ತಂದೆತಾಯಿಗಳು ಕಾಮರ್ಸಿನ ಫಾರ್ಮು ಎಲ್ಲಿ ಸಿಗುತ್ತದೆ, ಐ.ಟಿ.ಐ.ಗೆ ಎಷ್ಟು ಮಾರ್ಕು ಬೇಕು, ನರ್ಸಿಂಗಿಗೆ ಫೀಸು ಎಷ್ಟು ಎಂದು ಕೇಳುತ್ತಾರೆ. ಸಂಗೀತದಲ್ಲಿಯೂ ಬಿ.ಎ. ಮಾಡಬಹುದು ಎಂದರೆ ‘ಅದೆಲ್ಲ ನಮ್ಮಂಥವರಿಗಲ್ಲ ಅಣ್ಣಾ’ ಎಂದುಬಿಡುತ್ತಾರೆ. ಹಾಗಾದರೆ ಅದು ಯಾರಿಗೆ? ಶನಿವಾರ ರಾತ್ರಿ ಭಜನೆಯಲ್ಲಿ ಮೊದಲ ಸಾಲು ಎತ್ತಿಕೊಡುವವನು ನಮ್ಮ ಸಪ್ಲಾಯರ್. ಗಣೇಶೋತ್ಸವದಲ್ಲಿ ತಬಲಾ ಬಾರಿಸುವವನು ಇಡ್ಲಿಯ ಹಿಟ್ಟು ನೋಡಿಕೊಳ್ಳುವ ಹುಡುಗ. ಊರಿನಿಂದ ಯಕ್ಷಗಾನದ ಮೇಳ ಬಂದಾಗ ಮದ್ದಳೆಗೆ ಕೈಯಾಗುವವನು ಗಲ್ಲೆಯ ಮೇಲೆ ಕೂತು ಬಿಲ್ಲು ಎಣಿಸುವವನು. ಗಿರಣಿಗಳ ಭೋಂಗಾ ನಿಂತು ವರ್ಷಗಳಾದುವು; ೧೯೮೨ರ ಮುಷ್ಕರದ ಅನಂತರ ಒಂದೊಂದಾಗಿ ಬಾಗಿಲು ಮುಚ್ಚಿದುವು. ಆದರೂ ಪಾಳಿ ಮುಗಿಸಿ ಬಂದು ಚಾಳಿನ ಅಂಗಳದಲ್ಲಿ ತತ್ವಪದ, ಲಾವಣಿ, ಪೋವಾಡ ಹಾಡುತ್ತಿದ್ದ ಹಿರಿಯರ ಮನೆಗಳಲ್ಲಿ ಹಾರ್ಮೋನಿಯಮ್ಮಿನ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ.

ಸಂಗೀತ ನಮ್ಮದು, ಸಂಗೀತದ ಪದವಿ ಮಾತ್ರ ಬೇರೆಯವರದು ಎಂಬ ಈ ತಿಳಿವಳಿಕೆಯಲ್ಲಿ ಎಷ್ಟು ನಿಜವಿದೆ, ಎಷ್ಟು ಬರಿಯ ಹೆದರಿಕೆಯಿದೆ ಎಂಬುದನ್ನು ಬಿಡಿಸಿ ನೋಡೋಣ.

ಬಾಗಿಲಲ್ಲಿ ಏನೇನು ಕೇಳುತ್ತಾರೆ?

ಮೊದಲನೆಯದು ಹನ್ನೆರಡನೆಯ ತರಗತಿ ಪಾಸಾದ ಸರ್ಟಿಫಿಕೇಟು. ನಮ್ಮ ಊರಿನ ಮಾತಿನಲ್ಲಿ ಪಿ.ಯು.ಸಿ. ಕಲೆ, ವಾಣಿಜ್ಯ, ವಿಜ್ಞಾನ, ಯಾವ ಶಾಖೆಯಿಂದ ಬಂದರೂ ಸಾಮಾನ್ಯವಾಗಿ ನಡೆಯುತ್ತದೆ. ಹನ್ನೆರಡನೆಯದರಲ್ಲಿ ಸಂಗೀತವನ್ನೇ ಓದಿರಬೇಕೆಂಬ ಕಟ್ಟುಪಾಡು ಬಹಳ ಕಡೆ ಇಲ್ಲ. ಇದು ನಮ್ಮವರಲ್ಲಿ ಹಲವರಿಗೆ ತಿಳಿಯದ ಸಂಗತಿ.

ಎರಡನೆಯದು ಹಾಡಿ ಅಥವಾ ನುಡಿಸಿ ತೋರಿಸುವ ಪ್ರವೇಶ ಪರೀಕ್ಷೆ. ಹಿಂದುಸ್ತಾನಿಯಾದರೆ ಒಂದು ರಾಗದ ಬಂದಿಶ್, ಕೊಂಚ ಆಲಾಪ, ಕೊಂಚ ತಾನು; ಕೈಯಲ್ಲಿ ತಾಳ ಹಾಕಿ ಮಾತ್ರೆ ಎಣಿಸುವುದು; ಪರೀಕ್ಷಕರು ಪೆಟ್ಟಿಗೆಯ ಮೇಲೆ ಒತ್ತಿದ ಸ್ವರವನ್ನು ಕೊರಳಿನಿಂದ ಹಿಡಿದು ತೋರಿಸುವುದು. ಕರ್ನಾಟಕ ಸಂಗೀತವಾದರೆ ಸರಳೆ ವರಸೆ, ಅಲಂಕಾರ, ಗೀತೆ, ವರ್ಣ, ಒಂದೆರಡು ಕೃತಿ. ಮೂರನೆಯದು ಶಾಸ್ತ್ರದ ಪ್ರಾಥಮಿಕ ಪರಿಚಯ: ಏಳು ಶುದ್ಧ ಸ್ವರ, ಅವುಗಳ ಕೋಮಲ-ತೀವ್ರ ಭೇದ ಸೇರಿ ಹನ್ನೆರಡು, ತೀನ್‌ತಾಲಕ್ಕೆ ೧೬ ಮಾತ್ರೆ, ಏಕತಾಲಕ್ಕೆ ೧೨, ಝಪ್‌ತಾಲಕ್ಕೆ ೧೦, ಭಾತಖಂಡೆಯವರು ಹೇಳಿದ ಹತ್ತು ಥಾಟುಗಳು, ದಕ್ಷಿಣದವರಿಗೆ ೭೨ ಮೇಳಕರ್ತರಾಗಗಳು.

ಎಲ್ಲ ಕಡೆಯೂ ಮೂರನ್ನೂ ಒಂದೇ ಅಳತೆಯಲ್ಲಿ ಕೇಳುತ್ತಾರೆಂದಲ್ಲ. ಸಾದಾ ಬಿ.ಎ.ಯಲ್ಲಿ ಇತರ ವಿಷಯಗಳ ಜೊತೆಗೆ ಸಂಗೀತ ಓದುವುದಾದರೆ ಬಿಗಿ ಕಡಿಮೆ. ಸಂಗೀತವನ್ನೇ ಮುಖ್ಯವಾಗಿಟ್ಟುಕೊಂಡ ಪದವಿಗೆ ಬಿಗಿ ಹೆಚ್ಚು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಮೇಜರ್, ಮೈನರ್ ಎಂಬ ಮಾತುಗಳು ಕಾಲೇಜುಗಳಲ್ಲಿ ಓಡಾಡುತ್ತಿವೆ. ಮೇಜರ್ ಎಂದರೆ ಮುಖ್ಯ ವಿಷಯ, ಮೈನರ್ ಎಂದರೆ ಜೊತೆಯ ವಿಷಯ. ಆ ನೀತಿಯ ಪ್ರಕಾರ ಪದವಿ ನಾಲ್ಕು ವರ್ಷದ್ದು. ಒಂದು ವರ್ಷಕ್ಕೆ ನಿಲ್ಲಿಸಿದರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ ಎಂದು ಮೆಟ್ಟಿಲು ಹಾಕಿದ್ದಾರೆ. ನಡುವೆ ಕೆಲಸಕ್ಕೆ ಹೋಗಬೇಕಾಗುವ ನಮ್ಮಂಥವರಿಗೆ ಈ ಮೆಟ್ಟಿಲು ಉಪಯೋಗಕ್ಕೆ ಬಂದೀತು.

ಹೊರದೇಶದಲ್ಲಿಯೂ ಇದೇ ಕಥೆ. ಇಂಗ್ಲೆಂಡಿನ ಹಲವು ವಿಶ್ವವಿದ್ಯಾಲಯಗಳು ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಸಂಗೀತವನ್ನು ಓದಿರಬೇಕು, ಇಲ್ಲವೇ ಎಂಟನೆಯ ಗ್ರೇಡಿನ ಸಂಗೀತ ಪರೀಕ್ಷೆ ಪಾಸಾಗಿರಬೇಕು ಎನ್ನುತ್ತವೆ. ಅಮೇರಿಕೆಯಲ್ಲಿ ನುಡಿಸಿ ತೋರಿಸುವ ಪರೀಕ್ಷೆಯ ಜೊತೆಗೆ ಶಾಸ್ತ್ರದ ಪರೀಕ್ಷೆ ಇರುತ್ತದೆ. ಹಾಡುವವನಾದರೂ ಪಿಯಾನೋದ ಮೇಲೆ ಅಷ್ಟಿಷ್ಟು ಕೈಯಾಡಬೇಕೆಂದು ಕೇಳುವ ಕಾಲೇಜುಗಳು ಬಹಳ. ಅಲ್ಲಿಯೂ ಮನೆಯಲ್ಲಿ ಪಿಯಾನೋ ಇರುವ ಮಗುವಿಗೆ ದಾರಿ ಸಲೀಸು. ಇಲ್ಲದ ಮಗುವಿಗೆ ಏರು.

ಈ ದಾರಿಯನ್ನು ಹಾಕಿದವರ ಆಸೆ

ಸಂಗೀತವನ್ನು ಶಾಲೆಯಲ್ಲಿ ಕಲಿಸುವುದೆಂಬ ವಿಚಾರವೇ ಬಹಳ ಹಳೆಯದಲ್ಲ. ೧೮೮೬ರಲ್ಲಿ ಬರೋಡದ ಮಹಾರಾಜರು ಉಸ್ತಾದ್ ಮೌಲಾಬಕ್ಷರ ಕೈಯಲ್ಲಿ ಗಾಯನಶಾಲೆ ತೆರೆಸಿದರು. ವಿಷ್ಣು ದಿಗಂಬರ ಪಲುಸ್ಕರರು ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ೧೯೦೮ರಲ್ಲಿ ನಮ್ಮ ಮುಂಬಯಿಗೆ ಬಂದರು. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿನ ಬೆಳಕು ಕುಂದಿದ ಆ ಮನುಷ್ಯ, ರಾಜರ ಆಸ್ಥಾನಗಳಲ್ಲಿ ಮತ್ತು ಮನೆತನಗಳ ಒಳಗೆ ಬಚ್ಚಿಟ್ಟಿದ್ದ ವಿದ್ಯೆಯನ್ನು ಸಾಮಾನ್ಯ ಮನೆಯ ಮಕ್ಕಳ ಮುಂದೆ ತಂದಿಟ್ಟರು. ಸಾಲ ಮಾಡಿ ಕಟ್ಟಿದ ಮುಂಬಯಿಯ ಕಟ್ಟಡವನ್ನು ಸಾಲವೇ ನುಂಗಿತು. ಆದರೂ ವಿದ್ಯೆ ಉಳಿಯಿತು. ೧೯೩೧ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರು ಸೇರಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು. ಇಂದಿಗೂ ಅದರ ಪರೀಕ್ಷೆಗಳು ದೇಶದ ಮೂಲೆಮೂಲೆಯಲ್ಲಿ ನಡೆಯುತ್ತಿವೆ.

ಇನ್ನೊಬ್ಬರು ವಿಷ್ಣು ನಾರಾಯಣ ಭಾತಖಂಡೆ. ೧೮೬೦ರಲ್ಲಿ ಇದೇ ಮುಂಬಯಿಯ ವಾಲಕೇಶ್ವರದಲ್ಲಿ ಹುಟ್ಟಿ, ವಕೀಲಿ ಮಾಡುತ್ತಿದ್ದವರು. ವಕೀಲಿ ಬಿಟ್ಟು ಊರೂರು ಸುತ್ತಿ, ಉಸ್ತಾದರ ಬಾಯಿಂದ ಬಂದಿಶ್‌ಗಳನ್ನು ಕೇಳಿ, ಸ್ವರಲಿಪಿಯಲ್ಲಿ ಬರೆದು ಅಚ್ಚು ಹಾಕಿಸಿದರು. ೧೯೨೬ರಲ್ಲಿ ಲಖನೌದಲ್ಲಿ ಅವರ ಶ್ರಮದಿಂದ ಆರಂಭವಾದ ಮ್ಯಾರಿಸ್ ಕಾಲೇಜು ಮುಂದೆ ಅವರ ಹೆಸರನ್ನೇ ಪಡೆದು, ಈಗ ವಿಶ್ವವಿದ್ಯಾಲಯವಾಗಿದೆ. ೧೯೫೬ರಲ್ಲಿ ಖೈರಾಗಢದಲ್ಲಿ ಇಂದಿರಾ ಕಲಾ ಸಂಗೀತ ವಿಶ್ವವಿದ್ಯಾಲಯ ಹುಟ್ಟಿತು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗವಿದೆ, ಹೆಣ್ಣುಮಕ್ಕಳಿಗಾಗಿ ಎಸ್.ಎನ್.ಡಿ.ಟಿ. ವಿಶ್ವವಿದ್ಯಾಲಯದಲ್ಲಿದೆ, ಪುಣೆಯ ವಿಶ್ವವಿದ್ಯಾಲಯದಲ್ಲಿ ಲಲಿತ ಕಲಾ ಕೇಂದ್ರವಿದೆ. ನಮ್ಮ ನಾಡಿನಲ್ಲಿ ಮೈಸೂರಿನಲ್ಲಿ ೨೦೦೮ರಲ್ಲಿ ಸ್ಥಾಪನೆಯಾದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿ ಹಾನಗಲ್ಲರ ಹೆಸರಿಟ್ಟಿದ್ದಾರೆ.

ಈ ಇತಿಹಾಸವನ್ನು ಹೇಳಿದ್ದಕ್ಕೆ ಕಾರಣವಿದೆ. ವಿದ್ಯೆಯನ್ನು ಮನೆತನದ ಬೀಗದಿಂದ ಬಿಡಿಸುವುದಕ್ಕಾಗಿಯೇ ಹಿರಿಯರು ಈ ಶಾಲೆಗಳನ್ನು ತೆರೆದರು. ಆ ಬೀಗ ಒಡೆದ ಮೇಲೆ ಅದೇ ಬಾಗಿಲಿಗೆ ನಾವು ಬೇರೊಂದು ಬೀಗ ಹಾಕಿದ್ದೇವೆಯೇ ಎಂಬುದೇ ನನ್ನ ಪ್ರಶ್ನೆ.

ಗಂಗೂಬಾಯಿಯವರಿಗೆ ಸೀಟು ಸಿಗುತ್ತಿತ್ತೇ?

ಗಂಗೂಬಾಯಿ ಹಾನಗಲ್ಲರು ಶಾಲೆ ಓದಿದ್ದು ಐದನೆಯ ತರಗತಿಯವರೆಗೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಅವರು ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾದರು. ೨೦೦೨ರಲ್ಲಿ ಪದ್ಮವಿಭೂಷಣ ಪಡೆದರು. ಭೀಮಸೇನ ಜೋಶಿಯವರು ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಅದೇ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಮನೆ ಬಿಟ್ಟು ಮುಂಬಯಿಯ ಹೋಟೆಲಿನ ಮೋರಿಯ ಮುಂದೆ ಕಪ್ಪು-ಬಶಿ ತೊಳೆಯಲು ಕುಳಿತವರು ಈ ಪತ್ರಿಕೆಯ ಓದುಗರಲ್ಲಿ ಎಷ್ಟು ಮಂದಿಯಿಲ್ಲ! ೨೦೦೮ರಲ್ಲಿ ಜೋಶಿಯವರಿಗೆ ಭಾರತರತ್ನ ಘೋಷಣೆಯಾಯಿತು. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗಲೇ ನಾಟಕ ಕಂಪನಿ ಸೇರಿದವರು.

ಈಗ ಯೋಚಿಸಿರಿ. ಐದನೆಯ ತರಗತಿ ಓದಿದ ಒಬ್ಬ ಹುಡುಗಿ ಗಂಗೂಬಾಯಿಯವರ ಹೆಸರಿನ ವಿಶ್ವವಿದ್ಯಾಲಯಕ್ಕೆ ಇಂದು ಪದವಿ ಓದಲು ಹೋದರೆ ಗುಮಾಸ್ತರು ಫಾರ್ಮನ್ನೇ ಕೊಡುವಂತಿಲ್ಲ. ಇದು ಆ ಸಂಸ್ಥೆಯ ತಪ್ಪಲ್ಲ. ದೇಶದಲ್ಲೆಲ್ಲ ಪದವಿಗೆ ಇರುವ ನಿಯಮವೇ ಅದು. ಆದರೆ ನಿಯಮ ದೇಶದ್ದಾದರೆ ಪ್ರಶ್ನೆಯೂ ದೇಶದ್ದಾಗಬೇಕು.

ಇನ್ನೂ ಒಂದು ವಿಚಿತ್ರವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೨ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಮಾರ್ಗಸೂಚಿ ಹೊರಡಿಸಿತು. ತಮ್ಮ ಕಸುಬಿನಲ್ಲಿ ಹೆಸರು ಮಾಡಿದವರು ಔಪಚಾರಿಕ ಪದವಿ ಇಲ್ಲದಿದ್ದರೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಬಹುದು ಎಂಬುದು ಅದರ ತಿರುಳು. ಬಹಳ ಒಳ್ಳೆಯ ಕೆಲಸ. ಆದರೆ ಇದರ ಅರ್ಥವೇನಾಯಿತು? ಸರ್ಟಿಫಿಕೇಟು ಇಲ್ಲದೆ ಗುರುವಾಗಬಹುದು. ಸರ್ಟಿಫಿಕೇಟು ಇಲ್ಲದೆ ಶಿಷ್ಯನಾಗುವಂತಿಲ್ಲ! ಗುರುವಿಗೆ ತೆರೆದ ಬಾಗಿಲನ್ನು ಶಿಷ್ಯನಿಗೂ ಅಷ್ಟಿಷ್ಟು ತೆರೆಯಬಾರದೇಕೆ?

ಮೂರು ಅಡ್ಡಿಗಳು

ನಮ್ಮ ಮಕ್ಕಳ ಮುಂದೆ ನಿಜವಾಗಿ ನಿಂತಿರುವ ಅಡ್ಡಿಗಳು ಮೂರು.

ಒಂದು, ಸರ್ಟಿಫಿಕೇಟು. ಇದು ನೋಡಲು ದೊಡ್ಡದು. ದಾಟಲು ಮೂರರಲ್ಲಿ ಎಲ್ಲಕ್ಕಿಂತ ಸುಲಭ. ದಾರಿಯನ್ನು ಮುಂದೆ ಹೇಳುತ್ತೇನೆ.

ಎರಡು, ಹಾಡಿ ತೋರಿಸುವ ಪರೀಕ್ಷೆ. ನನ್ನ ದೊಡ್ಡ ತಕರಾರು ಇರುವುದು ಇಲ್ಲಿಯೇ. ಈ ಪರೀಕ್ಷೆ ಅಳೆಯುವುದು ಕೊರಳನ್ನೋ, ಕೊಂಡುಕೊಂಡ ಪಾಠವನ್ನೋ? ಆರನೆಯ ವಯಸ್ಸಿನಿಂದ ತಿಂಗಳು ತಿಂಗಳು ಫೀಸು ಕೊಟ್ಟು ಕಲಿತ ಹುಡುಗಿ ಯಮನ್ ರಾಗದ ಬಂದಿಶನ್ನು ಹತ್ತು ತಾನಿನ ಜೊತೆಗೆ ಒಪ್ಪಿಸುತ್ತಾಳೆ. ಭಜನೆಯ ಹಿಂದೆ ಕೂತು ಕಿವಿಯಿಂದಲೇ ಕಲಿತ ಹುಡುಗನಿಗೆ ಆ ಸ್ವರಗಳೆಲ್ಲ ಬರುತ್ತವೆ. ಅವುಗಳ ಹೆಸರು ಬಾರದು. ಎಂಟು ಮಾತ್ರೆಯ ಕೆಹರವಾ, ಆರು ಮಾತ್ರೆಯ ದಾದ್ರಾ ಅವನ ಅಂಗೈಯಲ್ಲಿದೆ. ಅವುಗಳ ಬೋಲು ಬರೆದು ತೋರಿಸು ಎಂದರೆ ತಬ್ಬಿಬ್ಬಾಗುತ್ತಾನೆ. ಯಕ್ಷಗಾನದ ಭಾಗವತಿಕೆ ಕಲಿತವನಿಗೆ ಅಷ್ಟ, ಝಂಪೆ, ತ್ರಿವುಡೆ, ಮಟ್ಟೆ ತಾಳಗಳು ರಾತ್ರಿಯಿಡೀ ತಪ್ಪುವುದಿಲ್ಲ; ಪರೀಕ್ಷಕರ ಹಾಳೆಯಲ್ಲಿ ಆ ತಾಳಗಳಿಗೆ ಕೋಷ್ಟಕವೇ ಇಲ್ಲ. ಮೊದಲನೆಯವಳಿಗೆ ಸೀಟು ಸಿಗುವುದು ಅನ್ಯಾಯವಲ್ಲ, ಅವಳೂ ಕಷ್ಟಪಟ್ಟಿದ್ದಾಳೆ. ಎರಡನೆಯವನನ್ನು ಕೇಳುವ ಕಿವಿಯೇ ಇಲ್ಲದಿರುವುದು ಅನ್ಯಾಯ.

ಮೂರು, ಹೊತ್ತು ಮತ್ತು ಜಾಗ. ಸಂಗೀತ ಪುಸ್ತಕ ಓದಿ ಪಾಸಾಗುವ ವಿದ್ಯೆಯಲ್ಲ. ದಿನವೂ ರಿಯಾಜು ಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಒಲೆ ಹಚ್ಚಿ, ಮಧ್ಯಾಹ್ನ ಎರಡು ತಾಸು ಒರಗಿ, ಮತ್ತೆ ರಾತ್ರಿ ಹನ್ನೊಂದರವರೆಗೆ ನಿಂತೇ ಇರುವ ಹುಡುಗ ಯಾವಾಗ ಷಡ್ಜ ಹಿಡಿಯಬೇಕು? ಹತ್ತಡಿ ಖೋಲಿಯಲ್ಲಿ ಆರು ಮಂದಿ ಮಲಗಿರುವಾಗ ಎಲ್ಲಿ ಹಿಡಿಯಬೇಕು? ಬೆಳಗಿನ ಹೊತ್ತು ಮಂದ್ರದಲ್ಲಿ ಸಾಧನೆ ಮಾಡಬೇಕೆಂದು ಗುರುಗಳು ಹೇಳುತ್ತಾರೆ. ನೆರೆಮನೆಯವರು ಗೋಡೆ ಬಡಿಯುತ್ತಾರೆ. ಇವರನ್ನು ಬೈದು ಫಲವಿಲ್ಲ, ಅವರಿಗೂ ಆರು ಗಂಟೆಗೆ ಲೋಕಲ್ ಹಿಡಿಯಬೇಕು.

ಎರಡು ಆಕ್ಷೇಪಗಳು

ಇದನ್ನು ಕೇಳಿ ಕೆಲವರು ಹೇಳುವುದುಂಟು: ಗಂಗೂಬಾಯಿ, ಭೀಮಸೇನರಿಗೆ ಪದವಿ ಎಲ್ಲಿತ್ತು? ಹಾಡುವವನಿಗೆ ಡಿಗ್ರಿಯ ಗೊಡವೆ ಯಾಕೆ?

ಮಾತು ಕೇಳಲು ಚೆಂದ. ಆದರೆ ಅವರಿಗೆ ಸಿಕ್ಕಂಥ ಗುರುಗಳು ಇಂದು ಬಡವನಿಗೆ ಸಿಗುವ ಬಗೆ ಯಾವುದು? ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿಯುವ ಕಾಲ ಹೋಯಿತು. ಮುಂಬಯಿಯಲ್ಲಿ ಒಳ್ಳೆಯ ಗುರುಗಳ ಪಾಠಕ್ಕೆ ಗಡಿಯಾರವಿದೆ, ದರವಿದೆ. ಅವರೂ ಸಂಸಾರಸ್ಥರು, ಬಾಡಿಗೆ ಕಟ್ಟುವವರು. ಹಣವಿದ್ದವನಿಗೆ ಡಿಗ್ರಿ ಇಲ್ಲದೆಯೂ ಗುರು ಸಿಗುತ್ತಾನೆ. ಹಣವಿಲ್ಲದವನು ಗೊತ್ತಾದ ಫೀಸು ಕಟ್ಟಿ, ಸ್ಕಾಲರ್‌ಶಿಪ್ ಪಡೆದು, ‘ನನಗೆ ಪಾಠ ಹೇಳಿರಿ’ ಎಂದು ಹಕ್ಕಿನಿಂದ ಕೇಳಬಹುದಾದ ಜಾಗ ಒಂದೇ, ಅದು ಸರಕಾರದ ವಿಶ್ವವಿದ್ಯಾಲಯ. ತಂಬೂರಿ, ತಬಲಾ, ಪುಸ್ತಕ ಭಂಡಾರ, ಅಭ್ಯಾಸದ ಕೋಣೆ, ಇವೆಲ್ಲ ಅಲ್ಲಿ ಎಲ್ಲರ ಸೊತ್ತು. ಹಾಗೆ ನೋಡಿದರೆ ಸಂಗೀತದ ಪದವಿ ಸಿರಿವಂತನಿಗಿಂತ ಬಡವನಿಗೇ ಹೆಚ್ಚು ಬೇಕಾದದ್ದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು, ತಾವು ಕಣ್ಣಿಲ್ಲದವರಾಗಿದ್ದೂ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕಲಿಸಿದರು. ಮೊದಲು ಊಟ, ಆಮೇಲೆ ಸ್ವರ. ಬಡವರಿಗೆ ವಿದ್ಯೆ ಕಲಿಸುವ ಬಗೆ ಹೇಗೆಂದು ಕೇಳುವವರಿಗೆ ಉತ್ತರ ಅಲ್ಲಿದೆ.

ಎರಡನೆಯ ಆಕ್ಷೇಪ ಮನೆಯವರದು: ಹಾಡಿನಿಂದ ಹೊಟ್ಟೆ ತುಂಬೀತೇ?

ಈ ಪ್ರಶ್ನೆಗೆ ಸುಳ್ಳು ಹೇಳಬಾರದು. ಸಂಗೀತದ ಪದವಿ ಪಡೆದವರಿಗೆಲ್ಲ ನೌಕರಿ ಕಾದಿಲ್ಲ. ಕಚೇರಿ ಮಾಡಿ ಹೆಸರು ಗಳಿಸುವವರು ಕೆಲವೇ ಮಂದಿ. ಆದರೆ ಶಾಲೆಯಲ್ಲಿ ಸಂಗೀತದ ಶಿಕ್ಷಕರಾಗಲು ಪದವಿ ಕೇಳುತ್ತಾರೆ. ಕಾಲೇಜಿನಲ್ಲಿ ಕಲಿಸಲು ಸಂಗೀತದ ಎಂ.ಎ.ಯಲ್ಲಿ ನೂರಕ್ಕೆ ೫೫ ಅಂಕದ ಜೊತೆಗೆ ಸಾಮಾನ್ಯವಾಗಿ ನೆಟ್ ಪರೀಕ್ಷೆ ಬೇಕು. ಮೀಸಲು ವರ್ಗದವರಿಗೆ ೫೦ ಅಂಕ ಸಾಕು. ಆಕಾಶವಾಣಿಯಲ್ಲಿ ಹಾಡಲು ಡಿಗ್ರಿ ಬೇಕಿಲ್ಲ. ಅಲ್ಲಿಯ ಸ್ವರ ಪರೀಕ್ಷೆಯಲ್ಲಿ ಗೆದ್ದು ಬಿ, ಬಿ-ಹೈ, ಎ ಎಂದು ಶ್ರೇಣಿ ಪಡೆಯಬೇಕು. ಧ್ವನಿಮುದ್ರಣ, ವಾದ್ಯಗಳ ರಿಪೇರಿ, ಸಿನೆಮಾ-ನಾಟಕಗಳ ಹಿನ್ನೆಲೆ ಸಂಗೀತ, ಮನೆಪಾಠ ಮುಂತಾದ ಸಣ್ಣಪುಟ್ಟ ದಾರಿಗಳೂ ಇವೆ. ಸಾದಾ ಬಿ.ಎ. ಮಾಡಿದವನಿಗೆ ಬ್ಯಾಂಕಿನ ಪರೀಕ್ಷೆ, ಸರಕಾರಿ ಪರೀಕ್ಷೆಗಳಿಗೆ ಕೂರಲು ಇರುವ ಹಕ್ಕು ಸಂಗೀತದ ಬಿ.ಎ. ಮಾಡಿದವನಿಗೂ ಇದೆ, ಪದವಿ ಪದವಿಯೇ. ಆದುದರಿಂದ ಕೊರಳಿಲ್ಲದ ಮಗುವನ್ನು ಸಂಗೀತಕ್ಕೆ ದೂಡಬೇಡಿರಿ. ಕೊರಳಿದ್ದ ಮಗುವನ್ನು ಸುಮ್ಮನೆ ಕಾಮರ್ಸಿಗೆ ದೂಡಬೇಡಿರಿ ಎಂದಷ್ಟೇ ನಾನು ಹೇಳುವುದು.

ನಮ್ಮ ಬೇಡಿಕೆಗಳು

ವಿಶ್ವವಿದ್ಯಾಲಯಗಳ ಮುಂದೆ ನಾವು ಇಡಬೇಕಾದ ಬೇಡಿಕೆಗಳು ಭಿಕ್ಷೆಯಾಗಬಾರದು, ಧಮಕಿಯೂ ಆಗಬಾರದು. ಲೆಕ್ಕಕ್ಕೆ ನಿಲ್ಲುವಂಥವಾಗಿರಬೇಕು.

ಮೊದಲನೆಯದಾಗಿ, ಪ್ರವೇಶದ ಪರೀಕ್ಷೆಯಲ್ಲಿ ಅರ್ಧ ಅಂಕಗಳನ್ನಾದರೂ ಕಿವಿಗೆ ಮತ್ತು ಲಯಕ್ಕೆ ಮೀಸಲಿಡಲಿ. ಸ್ವರ ಕೇಳಿಸಿ ಹಿಡಿಯಲು ಹೇಳಲಿ. ಒಂದು ಹೊಸ ಸಾಲನ್ನು ಎರಡು ಸಲ ಹಾಡಿ ಮೂರನೆಯ ಸಲ ಅವನಿಂದ ಹಾಡಿಸಲಿ. ಲಯ ಬದಲಿಸಿ ತಾಳ ತಪ್ಪದೆ ನಿಲ್ಲುತ್ತಾನೆಯೇ ಎಂದು ನೋಡಲಿ. ಎಷ್ಟು ರಾಗ ಕಲಿತಿದ್ದಾನೆ ಎನ್ನುವುದಕ್ಕಿಂತ ಎಷ್ಟು ಕಲಿಯಬಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಭಜನೆ, ತತ್ವಪದ, ಯಕ್ಷಗಾನ, ಲಾವಣಿ ಹಾಡಿದರೂ ಕೇಳಲಿ.

ಎರಡನೆಯದಾಗಿ, ಕಿವಿ ಚೆನ್ನಾಗಿದ್ದು ಶಾಸ್ತ್ರ ಬಾರದವರಿಗೆ ಒಂದು ವರ್ಷದ ಪೂರ್ವಸಿದ್ಧತೆಯ ತರಗತಿ ನಡೆಸಲಿ. ಮುಕ್ತ ವಿಶ್ವವಿದ್ಯಾಲಯಗಳು ಹಿಂದೆ ಹನ್ನೆರಡನೆಯದು ಆಗದವರಿಗಾಗಿ ಇಂಥ ಪೂರ್ವಸಿದ್ಧತಾ ಪಾಠಗಳನ್ನು ನಡೆಸಿದ್ದುಂಟು. ಇದು ಕಾಣದ ಕೇಳದ ಮಾತಲ್ಲ.

ಮೂರನೆಯದಾಗಿ, ಸಂಜೆಯ ಅಥವಾ ಮಧ್ಯಾಹ್ನದ ಬಿಡುವಿನ ಹೊತ್ತಿನ ತರಗತಿಗಳು ಬೇಕು. ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ಐದು ಬಿಡುವು. ಕಾರಖಾನೆಯವರಿಗೆ ಸಂಜೆ.

ಆದರೆ ಕೊನೆಯ ಪರೀಕ್ಷೆಯನ್ನು ಹಗುರ ಮಾಡಿರೆಂದು ನಾವು ಎಂದೂ ಕೇಳಬಾರದು. ಒಳಗೆ ಬರುವ ಬಾಗಿಲು ಅಗಲವಾಗಲಿ. ಹೊರಗೆ ಹೋಗುವ ಬಾಗಿಲು ಈಗಿದ್ದಷ್ಟೇ ಬಿಗಿಯಾಗಿರಲಿ. ಬೇಯದ ಅನ್ನವನ್ನು ಗಿರಾಕಿಯ ಎಲೆಗೆ ಬಡಿಸಬಾರದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪಸ್ವರದ ಪದವೀಧರರನ್ನು ಹೊರಗೆ ಬಿಟ್ಟರೆ ನಾಳೆ ಅವರಿಂದ ಕಲಿಯುವ ಮಕ್ಕಳಿಗೇ ಮೋಸ.

ನಮ್ಮ ಪಾಲಿನ ಕೆಲಸ

ಬೇಡಿಕೆ ಇಟ್ಟು ಕೈಕಟ್ಟಿ ಕೂರುವುದು ಸಂಘದ ಲಕ್ಷಣವಲ್ಲ. ನಾವೇ ಇಂದಿನಿಂದ ಮಾಡಬಹುದಾದ ಕೆಲಸಗಳಿವೆ.

ಶಾಲೆ ಅರ್ಧಕ್ಕೆ ಬಿಟ್ಟವರು ಹತಾಶರಾಗಬೇಕಾಗಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹದಿನಾಲ್ಕು ತುಂಬಿದ ಯಾರು ಬೇಕಾದರೂ ಹತ್ತನೆಯ ತರಗತಿಗೆ ಹೆಸರು ಹಚ್ಚಬಹುದು. ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಐದು ವರ್ಷದೊಳಗೆ ಒಂದೊಂದೇ ವಿಷಯ ಪಾಸಾಗುತ್ತ ಹೋಗಬಹುದು. ಅಲ್ಲಿ ಹತ್ತನೆಯದಕ್ಕೆ ಹಿಂದುಸ್ತಾನಿ ಸಂಗೀತ, ಕರ್ನಾಟಕ ಸಂಗೀತವೂ ವಿಷಯಗಳಾಗಿವೆ. ಮಹಾರಾಷ್ಟ್ರ ಬೋರ್ಡಿನಲ್ಲಿ ಹೊರಗಿನಿಂದ ಪರೀಕ್ಷೆಗೆ ಕೂರುವವರಿಗೆ ೧೭ ನಂಬರಿನ ಫಾರ್ಮು ಇದೆ. ಒಂದು ಕಾಲದಲ್ಲಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಹೋಟೆಲ್ ಹುಡುಗರನ್ನು ಮ್ಯಾಟ್ರಿಕ್ಕಿನವರೆಗೆ ಕೈಹಿಡಿದು ನಡೆಸಿದುವು. ಅಲ್ಲಿ ಓದಿದ ಮಾಣಿಗಳು ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ಅವುಗಳಲ್ಲಿ ಹಲವು ಈಗ ಮುಚ್ಚಿವೆ. ಉಳಿದವುಗಳಿಗೆ ಹುಡುಗರನ್ನು ಕಳಿಸುವುದು ನಮ್ಮ ಕೈಯಲ್ಲಿದೆ. ಏಳನೆಯ ತರಗತಿಗೇ ಶಾಲೆ ಬಿಟ್ಟ ನಾನು ಈ ಮಾತನ್ನು ಬರಿಯ ಉಪದೇಶಕ್ಕೆಂದು ಹೇಳುತ್ತಿಲ್ಲ.

ಹೊರಗಿನ ಸಂಗೀತ ಪರೀಕ್ಷೆಗಳಿಗೆ ಮಕ್ಕಳನ್ನು ಕೂರಿಸಿರಿ. ಗಾಂಧರ್ವ ಮಂಡಲದ ಪರೀಕ್ಷೆಗಳು ಪ್ರಾರಂಭಿಕದಿಂದ ಮೊದಲಾಗಿ, ಪ್ರವೇಶಿಕಾ ಎರಡು, ಮಧ್ಯಮಾ ಎರಡು, ವಿಶಾರದ ಎರಡು, ಹೀಗೆ ಏಳು ಮೆಟ್ಟಿಲಿನವು. ಅದರ ಮೇಲೆ ಅಲಂಕಾರ. ವರ್ಷಕ್ಕೆ ಎರಡು ಸಲ ನಡೆಯುತ್ತವೆ. ಮೊದಲ ಮೂರು ನಾಲ್ಕು ಮೆಟ್ಟಿಲು ಹತ್ತಿದ ಹುಡುಗನಿಗೆ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಕಾಲು ನಡುಗುವುದಿಲ್ಲ. ಇನ್ನೊಂದು ಲಾಭವೂ ಇದೆ: ಮಹಾರಾಷ್ಟ್ರದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಶಾಸ್ತ್ರೀಯ ಸಂಗೀತ, ನೃತ್ಯ ಪರೀಕ್ಷೆಗಳಲ್ಲಿ ಪಾಸಾದ ಮಕ್ಕಳಿಗೆ ಎಸ್.ಎಸ್.ಸಿ.ಯಲ್ಲಿ ಹೆಚ್ಚಿನ ಅಂಕ ಕೊಡುವ ಯೋಜನೆಯಿದೆ. ಇದನ್ನು ಶಾಲೆಯವರು ತಾವಾಗಿ ಹೇಳಲಿಕ್ಕಿಲ್ಲ, ಹೋಗಿ ಕೇಳಬೇಕು. ಒಂದು ಎಚ್ಚರಿಕೆ: ವಿಶಾರದ ಎಂಬುದು ಸಂಗೀತದಲ್ಲಿ ಪದವಿಯ ಮಟ್ಟದ್ದೆಂದು ಹಲವರು ಎಣಿಸಿದರೂ ಎಲ್ಲ ನೌಕರಿಗಳಿಗೂ ಅದು ಬಿ.ಎ.ಗೆ ಬದಲಾಗಿ ನಡೆಯುವುದಿಲ್ಲ. ಅರ್ಜಿ ಹಾಕುವ ಮುನ್ನ ವಿಚಾರಿಸಿಕೊಳ್ಳಿರಿ. ದುಡ್ಡು ಕಟ್ಟಿಸಿಕೊಂಡು ಹೆಸರಿಲ್ಲದ ಸಂಸ್ಥೆಯ ‘ಡಿಗ್ರಿ’ ಕೊಡುತ್ತೇವೆನ್ನುವವರ ಗಾಳಕ್ಕೆ ಬೀಳಬೇಡಿರಿ. ಅನುದಾನ ಆಯೋಗದ ಪಟ್ಟಿಯಲ್ಲಿ ಇಲ್ಲದ ವಿಶ್ವವಿದ್ಯಾಲಯದ ಕಾಗದ ಪೊಟ್ಟಣ ಕಟ್ಟಲಿಕ್ಕಷ್ಟೇ ಸರಿ.

ಕೊನೆಯದಾಗಿ ಸಂಘಕ್ಕೆ ಒಂದು ಸೂಚನೆ. ನಮ್ಮ ಸಭಾಂಗಣ ವಾರದಲ್ಲಿ ಆರು ದಿನ ಬೀಗ ಹಾಕಿಕೊಂಡಿರುತ್ತದೆ. ಭಾನುವಾರ ಸಭೆ, ಮದುವೆ, ಸತ್ಕಾರ ಇಷ್ಟಕ್ಕೇ ತೆರೆಯುತ್ತದೆ. ಅದನ್ನು ಬೆಳಗ್ಗೆ ಐದರಿಂದ ಏಳರವರೆಗೆ, ಮಧ್ಯಾಹ್ನ ಮೂರರಿಂದ ಐದರವರೆಗೆ ರ‍ಿಯಾಜಿಗೆ ಬಿಟ್ಟುಕೊಡಬೇಕು. ಒಂದು ತಂಬೂರಿ, ಒಂದು ಜೋಡಿ ತಬಲಾ, ಒಂದು ಹಾರ್ಮೋನಿಯಂ ಸಂಘದ ಹೆಸರಿನಲ್ಲಿ ಕೊಳ್ಳಬೇಕು. ಅಟ್ಟದ ಮೇಲೆ ದೂಳು ಹಿಡಿದಿರುವ ಹಳೆಯ ಪೆಟ್ಟಿಗೆಗಳನ್ನು ಕೊಡುವವರಿದ್ದರೆ ರಿಪೇರಿ ಮಾಡಿಸಿದರೂ ಸಾಕು. ಗುರುಗಳೊಬ್ಬರಿಗೆ ವಾರಕ್ಕೆ ಎರಡು ದಿನದ ಸಂಭಾವನೆ ಕೊಟ್ಟು ಕರೆಸಬೇಕು. ಸತ್ಕಾರ ಸಮಾರಂಭಗಳಲ್ಲಿ ಶಾಲು, ಹಾರ, ಫಲಕಗಳಿಗೆ ನಾವು ಸುರಿಯುವ ಹಣದಲ್ಲಿ ಒಂದು ಪಾಲು ತೆಗೆದಿಟ್ಟರೆ ಒಬ್ಬ ಹುಡುಗನ, ಒಬ್ಬ ಹುಡುಗಿಯ ಪದವಿಯ ಫೀಸು ಹೊರಡುತ್ತದೆ. ಫೀಸಿನ ಜೊತೆಗೆ, ಗವಾಯಿಗಳು ತೋರಿಸಿದ ಹಾಗೆ, ಎರಡು ಹೊತ್ತಿನ ಊಟದ ಹೊಣೆಯನ್ನೂ ಹೊರಬೇಕು. ಊರಿಗೆಲ್ಲ ಉಣಬಡಿಸುವ ನಮಗೆ ಇಬ್ಬರು ವಿದ್ಯಾರ್ಥಿಗಳ ಊಟ ಭಾರವೇ?

ಹೋಟೆಲಿನ ಯಜಮಾನರಲ್ಲಿಯೂ ಒಂದು ಮಾತು. ಸಂಗೀತ ಕಲಿಯುವ ಹುಡುಗನ ಪಾಳಿಯನ್ನು ಬದಲಿಸಿ ಕೊಡಿರಿ. ಹಬ್ಬದಲ್ಲಿ ಅವನ ಹಾಡಿಗೆ ತಲೆದೂಗಿ, ಮರುದಿನ ಪಾಠಕ್ಕೆ ಹೋಗಬೇಕೆಂದರೆ ಹುಬ್ಬು ಗಂಟಿಕ್ಕುವುದು ದೊಡ್ಡತನಕ್ಕೆ ಒಪ್ಪುವುದಿಲ್ಲ.

ಹಾಡ್ತಾ ಹಾಡ್ತಾ ರಾಗ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹಾಡಲು ಜಾಗ, ಹಾಡಲು ಹೊತ್ತು, ಹಾಡಿದ್ದನ್ನು ತಿದ್ದುವ ಗುರು, ಈ ಮೂರನ್ನು ನಮ್ಮ ಮಕ್ಕಳಿಗೆ ಒದಗಿಸಿದ ಮೇಲೆಯೇ ಅವರು ಅರ್ಹರೋ ಅಲ್ಲವೋ ಎಂದು ಅಳೆಯಬೇಕು. ಬರುವ ವಾರ್ಷಿಕ ಸಭೆಯಲ್ಲಿ ಸಭಾಂಗಣದ ಬೀಗದ ಕೈಯ ವಿಷಯವಾಗಿ ನಾನೊಂದು ಠರಾವು ಮಂಡಿಸಲಿದ್ದೇನೆ. ಅನುಮೋದಿಸುವವರು ಮುಂದೆ ಬರಬೇಕು. ವಿರೋಧಿಸುವವರು ಕಾರಣ ಸಮೇತ ಬರಬೇಕು. ತಪ್ಪದೆ ಬನ್ನಿರಿ.